ಎಂಟು ಪ್ರತಿ

ಕೋಣನಕುಂಟೆ ಕ್ರಾಸಿನಲ್ಲಿ, ಮೆಟ್ರೋ ಕಂಬದ ನೆರಳು
ಹತ್ತೂವರೆಗೆ ಬಂದು ಬಾಗಿಲು ತಟ್ಟುವ ನನ್ನ ಸ್ಟುಡಿಯೋ.
ಇಪ್ಪತ್ತಾರು ವರ್ಷ ಒಂದೇ ಮಾತು:
ಗದ್ದ ಒಂಚೂರು ಮೇಲೆ. ಹೆಗಲು ಸಮ ಮಾಡಿ. ಅಲ್ಲಾಡಬೇಡಿ.
ನಗಬೇಡಿ ಸಾರ್, ನಕ್ಕರೆ ಪಾಸ್‌ಪೋರ್ಟಿನವರು ಒಪ್ಪಲ್ಲ.
ಬೆನ್ನ ಹಿಂದೆ ಬಿಳೀ ಬಟ್ಟೆ,
ಊರಿಲ್ಲ, ಗೋಡೆಯಿಲ್ಲ, ಹೊತ್ತಿಲ್ಲ.
ಕೂತವರೆಲ್ಲ ಹೇಳಿದ್ದು ಕೇಳಿದರು.

ಈ ಫಾಲ್ಗುಣದಿಂದ, ಭಾನುವಾರ ಬೆಳಕು ಹರಿಯುವ ಮೊದಲೇ
ಅದೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು
ತುರಹಳ್ಳಿ ಕಾಡಿನ ಗೇಟಿಗೆ ಹೋಗುತ್ತೇನೆ.
ಇಲ್ಲಿ ಯಾರೂ ಹೇಳಿದ್ದು ಕೇಳುವುದಿಲ್ಲ.

ಕಳ್ಳಿಪೀರ ತಂತಿಯ ಮೇಲೆ ಕೂತಿದೆ, ಕೂತೇ ಇದೆ,
ನಾನು ಉಸಿರು ಹಿಡಿದು ಬೆರಳು ಒತ್ತುವಷ್ಟರಲ್ಲಿ
ಒಂದು ನೊಣಕ್ಕಾಗಿ ಆಕಾಶದೊಳಗೆ ಜಾರಿ
ಮತ್ತೆ ಅದೇ ತಂತಿಗೆ, ಅದೇ ಜಾಗಕ್ಕೆ.
ನನ್ನ ಪಾಲಿಗೆ ಬಂದದ್ದು
ಬರೀ ತಂತಿಯ ಹನ್ನೊಂದು ಚಿತ್ರ,
ಒಂದರ ಮೂಲೆಯಲ್ಲಿ ಬಾಲದ ಕಡ್ಡಿ.
ಕುಟ್ರುಹಕ್ಕಿಯಂತೂ ಬರೀ ಸದ್ದು,
ಆಲದೊಳಗೆಲ್ಲೋ ಕೂತು
ಅರ್ಜಿಯನ್ನೇ ಹಾಕದವನ ಠೀವಿ.

ಜೊತೆಗೆ ಬಂದ ಹುಡುಗರ ಲೆನ್ಸುಗಳು
ಬೋರ್‌ವೆಲ್ ಪೈಪಿನಷ್ಟು ಉದ್ದ.
ಬಂಡೆಯಾಚೆ ರಾಜಹಕ್ಕಿ ಕಂಡಿತಂತೆ,
ಎಲ್ಲ ಓಡಿದರು.
ನಾನೂ ಫಿಲೋಮಿನಾ ಮಿಸ್ಸೂ ಉಳಿದೆವು,
ಅವರಿಗೆ ಮಂಡಿನೋವು, ನನಗೆ ನಾಚಿಕೆ.

ಮಿಸ್ಸು ಊರುಗೋಲಿನ ತುದಿಯಿಂದ ತೋರಿಸಿದರು:
ನೋಡಿ, ವಿಷ್ಣುಕ್ರಾಂತಿ.
ಅಂಗಿ ಗುಂಡಿಗಿಂತ ಚಿಕ್ಕದು, ನೀಲಿ,
ಮಧ್ಯಾಹ್ನಕ್ಕೆ ಅಂಗಡಿ ಮುಚ್ಚುವ ಹೂವು.
ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ,
ನೆಗ್ಗಿಲ ಮುಳ್ಳು ಮೊಣಕೈಗೆ.
ಹೂವಿನ ಹಿಂದೆ ಒಣಹುಲ್ಲು, ಜಲ್ಲಿಕಲ್ಲು, ಗುಟ್ಕಾ ಚೀಟು.
ಕಸಿವಿಸಿ ನನಗೆ. ಅಭ್ಯಾಸಬಲ.
ಜೇಬಿನ ಬಿಳೀ ಕರ್ಚೀಫು ತೆಗೆದು
ಅದರ ಬೆನ್ನಿಗೆ ಹಿಡಿಯಲು ಹೋದೆ.

ಮಿಸ್ಸು ನಕ್ಕರು:
"ತೆಗೀರಿ ಅದನ್ನ. ಹಿಂದಿರೋದೇ ಅದರ ವಿಳಾಸ."

ಕರ್ಚೀಫು ಮಡಿಸಿದೆ.
ಗುಟ್ಕಾ ಚೀಟೊಂದನ್ನು ಮಾತ್ರ, ಅವರು ನೋಡದ ಹಾಗೆ,
ಹೆಕ್ಕಿ ಜೇಬಿಗಿಟ್ಟುಕೊಂಡೆ.

ಆಮೇಲೆ ತುಂಬೆ. ಗಾಳಿಗೆ ತಲೆ ಕುಣಿಸುವ ತುಂಬೆ,
ಅದಕ್ಕೂ ಬಾಯಿಗೆ ಬಂತು, ಅಲ್ಲಾಡಬೇಡಿ ಅಂತ.
ಮೇಲೊಂದು ಜೇನ್ನೊಣ. ನಾಲ್ಕು ಸಲ ಕ್ಲಿಕ್ಕಿಸಿದೆ,
ಎಷ್ಟು ವಿಧೇಯ! ಮಿಸುಕಲಿಲ್ಲ,
ಈ ಕಾಡಿನಲ್ಲಿ ನನ್ನ ಮಾತು ಕೇಳಿದ ಮೊದಲ ಜೀವ.
ದೊಡ್ಡದು ಮಾಡಿ ನೋಡಿದರೆ
ಹೂವಿನದೇ ಬಿಳುಪಿನ ಒಂದು ಜೇಡ
ಅದರ ಕುತ್ತಿಗೆ ಹಿಡಿದು ಕೂತಿತ್ತು.

ಸ್ವಲ್ಪ ಹೊತ್ತು ಬಂಡೆಯ ಮೇಲೆ ಕೂತೆ.
ಬಂಡೆ ಆಗಲೇ ಕಾದಿತ್ತು. ದೂರದಲ್ಲಿ
ಅಪಾರ್ಟ್‌ಮೆಂಟಿನ ಕ್ರೇನು ಅರ್ಧ ತಿರುಗಿ ನಿಂತಿತ್ತು.
ಗಾರ್ಡ್ ಮುನಿಹನುಮಯ್ಯ, ಬೇಸಿಗೆಯ ಕಾಡೆಂದು
ಬೀಡಿ ಹಚ್ಚದೆ ಬರೀ ಕಚ್ಚಿಕೊಂಡು,
"ಏನ್ ಸಾರ್ ಸಿಕ್ತು?" ಅಂದ.
ಒಂದು ಬಾಲ, ಅಂದೆ.

ಸೋಮವಾರ. ಸ್ಟೂಲಿನ ಮೇಲೆ
ಕಾಲೇಜು ಅರ್ಜಿಗೆಂದು ಬಂದ ಹುಡುಗಿ,
ಎಣ್ಣೆ ಹಚ್ಚಿ ಬಾಚಿದ ತಲೆ.
ಸ್ಕೂಟರು ನಿಲ್ಲಿಸಿದ್ದು ಹೊಂಗೆ ಮರದಡಿ ಇರಬೇಕು,
ಬೈತಲೆಯ ಪಕ್ಕ ಅಂಟಿದೆ ನಸುನೇರಳೆ ಎಸಳು.
ಅವಳಿಗೆ ಗೊತ್ತಿಲ್ಲ. ಅಪ್ಪನ ಕಣ್ಣು ಮೊಬೈಲಿನಲ್ಲಿ.
ನಿಯಮದ ಪ್ರಕಾರ ಹೇಳಬೇಕು, ಒರೆಸಿಕೊಳ್ಳಮ್ಮ.
ಹೇಳಲಿಲ್ಲ.
ಗದ್ದದ ಬಗ್ಗೆಯೂ ಹೇಳಲಿಲ್ಲ.
ಹೊರಗೆ ಮೆಟ್ರೋ ಹೋಯಿತು,
ಅವಳು ಆ ಕಡೆಗೊಂದು ಎಳೆಯಷ್ಟು ತಿರುಗಿದಳು,
ಒತ್ತಿದೆ.

ಎಂಟು ಪ್ರತಿ. ಎಂಟರಲ್ಲೂ ಹೊಂಗೆ.
ಆಫೀಸಿನವರು ವಾಪಸು ಕಳಿಸಿದರೆ ಬಾರಮ್ಮ,
ಇನ್ನೊಂದು ತೆಗೀತೀನಿ, ದುಡ್ಡು ಬೇಡ, ಅಂದೆ.
"ಯಾಕೆ ಕಳಿಸ್ತಾರೆ ಅಂಕಲ್?"
ಅಂಚು ಕತ್ತರಿಸುತ್ತಾ ಇದ್ದೆ,
ಕೇಳಿಸದವನ ಹಾಗೆ.